ಆಚೆ ದಡಕ್ಕೆ ಹದಿನೈದು ನಿಮಿಷ

ಕಂಪ್ಲಿ

ನಮ್ಮ ಕಡೆ ದೂರವನ್ನು ಯಾರೂ ಕಿಲೋಮೀಟರಿನಲ್ಲಿ ಕೇಳುವುದಿಲ್ಲ. “ಎಷ್ಟು ತಾಸಿನ ಹಾದಿ?” ಎಂದೇ ಕೇಳುತ್ತಾರೆ. ನಾನು ನಾರ್ವೆಗೆ ಹೊರಟಿದ್ದೇನೆಂಬ ಸುದ್ದಿ ಹಬ್ಬಿದ ದಿನದಿಂದ ನನ್ನ ಗಿರಣಿಗೆ ಭತ್ತ ತಂದವರು, ತೌಡು ಒಯ್ಯಲು ಬಂದವರು, ಸುಮ್ಮನೆ ನೆರಳಿಗೆ ಕೂತವರು ಎಲ್ಲರದೂ ಇದೊಂದೇ ಪ್ರಶ್ನೆ. ಗೊತ್ತಿಲ್ಲ ಎನ್ನಲು ಮನಸ್ಸಾಗಲಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿದರೆ ನಡುವಿನ ದೂರವನ್ನೂ ಹಾರುವ ಹೊತ್ತನ್ನೂ ಹೇಳುವ ಜಾಲತಾಣವೊಂದು ಸಿಕ್ಕಿತು. ಈ ಕಡೆ ನಮ್ಮ ತೋರಣಗಲ್ಲು, ಆ ಕಡೆ ವಾಡ್ಸೊ. ಏಳು ಸಾವಿರ ಕಿಲೋಮೀಟರಿಗೆ ತುಸು ಕಡಿಮೆ, ಸುಮಾರು ಒಂಬತ್ತು ತಾಸು ಎಂದಿತು.

ಒಂಬತ್ತು ತಾಸು ಎಂದು ಊರೆಲ್ಲ ಹೇಳಿಕೊಂಡು ಬಂದೆ. “ಅಷ್ಟೇ ಏನ್ರಿ? ಧರ್ಮಸ್ಥಳಕ್ಕೂ ಅಷ್ಟೇ ಹಿಡೀತೈತಿ” ಎಂದರು ಜನ, ಸ್ವಲ್ಪ ನಿರಾಸೆಯಿಂದ.

ಮಗಳು ಫೋನಿನಲ್ಲಿ ಹೊಟ್ಟೆ ಹಿಡಿದು ನಕ್ಕಳು. ಹೊಟ್ಟೆ ಹಿಡಿಯಲು ಆಗ ಅವಳಿಗೆ ಬೇರೆ ಕಾರಣವೂ ಇತ್ತು. “ಅಪ್ಪಾ, ಅಂಥಾ ವಿಮಾನನ ಇಲ್ಲ! ನೆಟ್ಟಗ ಹಾರಿದ್ರ ಒಂಬತ್ತು ತಾಸು ಅಂತ ಅದು ಲೆಕ್ಕ ಹಾಕಿ ಹೇಳ್ತೈತಿ, ಅಷ್ಟ. ನೀ ಐದು ವಿಮಾನ ಬದಲಿ ಮಾಡಬೇಕು. ಎರಡು ದಿನ ಆಕ್ಕೈತಿ.”

ಯಾರೂ ಹಾರದ ಹಾದಿಗೂ ಹೊತ್ತು ಅಳೆದು ಇಟ್ಟಿದ್ದಾರೆ ಎಂಬುದು ನನಗೆ ಆ ದಿನವೇ ತಿಳಿಯಿತು.

ಯಾಕೆ ಹೊರಟೆ ಎಂಬುದನ್ನು ಹೇಳಿಬಿಡುತ್ತೇನೆ. ನನ್ನ ಒಬ್ಬಳೇ ಮಗಳು ನೀಲಾ ನಾರ್ವೆಯ ಉತ್ತರದ ತುದಿಯಲ್ಲಿ, ವಾಡ್ಸೊ ಎಂಬ ಸಮುದ್ರದಂಡೆಯ ಸಣ್ಣ ಊರಿನಲ್ಲಿ ನರ್ಸು. ಅಳಿಯ ಮಂಜುನಾಥ ಎಮ್ಮಿಗನೂರಿನವನು. ಭತ್ತದ ಗದ್ದೆಯಲ್ಲಿ ಪಂಪ್‌ಸೆಟ್ಟು ಬಿಚ್ಚಿ ಜೋಡಿಸುತ್ತ ಬೆಳೆದ ಹುಡುಗ, ಈಗ ಅಲ್ಲಿ ಮೀನಿನ ಹಡಗೊಂದರ ಇಂಜಿನು ನೋಡಿಕೊಳ್ಳುತ್ತಾನೆ. ನಾವು ಮನೆಯಲ್ಲಿ ತತ್ತಿಯನ್ನೂ ತಿನ್ನದ ಜನ. ಹಾಗಾಗಿ ನೆಂಟರ ಮುಂದೆ “ಹಡಗಿನ ಕಂಪನಿ” ಎಂದಷ್ಟೇ ಹೇಳಿ ಮಾತು ಬದಲಿಸುತ್ತೇವೆ. ನೀಲಾ ಬಸುರಿ. ಚೊಚ್ಚಲ ಬಾಣಂತನ ತವರಿನದು. ತವರು ಎಂದರೆ ತಾಯಿ. ನನ್ನ ಹೆಂಡತಿ ಗಿರಿಜಾ ತೀರಿಕೊಂಡು ಮೂರು ವರ್ಷವಾಗಿತ್ತು. ಸಂಡೂರಿನಲ್ಲಿರುವ ನನ್ನ ಅಕ್ಕ ಪಾರ್ವತಿ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಅವಳಿಗೆ ಕಣ್ಣಿನ ಆಪರೇಷನ್ ಆಯಿತು. ಹೀಗೆ ಬಾಣಂತನದ ಪಾಳಿ, ಕೆಮ್ಮಿದರೆ ಕ್ಷಯವೆಂದೂ ಎದೆ ಉರಿದರೆ ಹಾರ್ಟ್ ಅಟ್ಯಾಕೆಂದೂ ತಿಳಿಯುವ, ಐವತ್ತು ದಾಟಿದ ಗಂಡಸೊಬ್ಬನ ಮೇಲೆ ಬಂತು.

ಸಂಡೂರು

ಹೊರಡುವ ಮುಂಚೆ ಅಕ್ಕ ನನ್ನನ್ನು ನಾಲ್ಕು ದಿನ ಸಂಡೂರಿಗೆ ಕರೆಸಿಕೊಂಡಳು. ಕರಿ ಕನ್ನಡಕ ಹಾಕಿಕೊಂಡು ಪಡಸಾಲೆಯ ಕುರ್ಚಿಯಲ್ಲಿ ಕೂತು ನನಗೆ ತರಬೇತಿ ಕೊಟ್ಟಳು. ಅಂಟಿನ ಉಂಡೆ ಯಾವ ಹೊತ್ತಿಗೆ, ಅಳ್ವಿ ಬೀಜದ ಪಾಯಸ ಎಷ್ಟು, ಬಾಣಂತಿಯ ತಲೆಗೆ ಬಟ್ಟೆ ಹೇಗೆ ಕಟ್ಟುವುದು. ಎಲ್ಲಕ್ಕಿಂತ ದೊಡ್ಡ ಪಾಠ ಕೂಸಿಗೆ ಎರೆಯುವುದು. ಮಣೆಯ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಬೋರಲು ಮಲಗಿಸಿಕೊಂಡು, ಒಂದು ಕೈಯಲ್ಲಿ ನೀರು, ಒಂದು ಕೈಯಲ್ಲಿ ಕೂಸು. ಅಭ್ಯಾಸಕ್ಕೆ ಕೂಸೆಲ್ಲಿ? ನಮ್ಮ ಗಿರಣಿಯದೇ ಮೂರು ಕಿಲೋ ಸೋನಾಮಸೂರಿಯನ್ನು ಹಳೆ ಪಂಚೆಯಲ್ಲಿ ಗಂಟು ಕಟ್ಟಿ ನನ್ನ ಕಾಲ ಮೇಲೆ ಹಾಕಿದಳು.

“ಲೇ ಬಸ್ಯಾ, ಕುತ್ತಿಗಿ ಹಿಡಿ, ಕುತ್ತಿಗಿ!”

“ಅಕ್ಕಿಗೆ ಕುತ್ತಿಗಿ ಎಲ್ಲೈತಿ ಅಕ್ಕಾ?”

“ಗಂಟು ಐತೆಲ್ಲ, ಅದ ಕುತ್ತಿಗಿ. ಗಂಟು ಜಾರಿತಂದ್ರ ಕೂಸು ಜಾರಿತಂತ ತಿಳಕೋ.”

ಗಂಟು ಜಾರಿತು. ಬಚ್ಚಲ ತುಂಬ ಅಕ್ಕಿ. ಅಕ್ಕ ನೆನೆದ ಅಕ್ಕಿಯನ್ನು ಬಳಿದು ತೊಳೆದು, ರುಬ್ಬಿ, ಮರುದಿನ ದೋಸೆ ಹುಯ್ದಳು. ನನ್ನ ಮೊದಲ ಮೊಮ್ಮಗುವನ್ನು ಶೇಂಗಾ ಚಟ್ನಿಯ ಜೊತೆ ತಿಂದೆವು.

ತಿನ್ನುವಾಗ ಅವಳು ಹೇಳಿದ ಮಾತು ಮಾತ್ರ ಗಂಟಲಲ್ಲಿ ಉಳಿಯಿತು. “ನೋಡು ತಮ್ಮಾ, ಎರಿಯೋದು ಬರಲಿಲ್ಲಂದ್ರೂ ನಡೀತೈತಿ. ಅಲ್ಲಿ ನರ್ಸಗೋಳು ಅದಾರ. ಆದ್ರ ಬ್ಯಾನಿ ತಿನ್ನೂ ಹೊತ್ತಿನಾಗ ಆಕೀನ್ನ ಒಬ್ಬಾಕೀನ್ನ ಬಿಡಬ್ಯಾಡ. ತವರಿನವರದು ಒಂದು ದನಿ ಕಿವಿಮ್ಯಾಲೆ ಬೀಳಬೇಕು. ಉಳಿದಿದ್ದು ಹ್ಯಾಂಗರ ಆಕ್ಕೈತಿ.”

ಹೆರಿಗೆಗೆ ಇನ್ನೂ ಎರಡು ವಾರವಿತ್ತು. ಹೊತ್ತಿಗೆ ಮುಂಚೆ ಹೋಗಿ ಮುಟ್ಟುವುದು ನನಗೆ ಗೊತ್ತಿರುವ ಒಂದೇ ವಿದ್ಯೆ. ರೈಲು ಬರುವುದಕ್ಕೆ ಎರಡು ತಾಸು ಮೊದಲೇ ಹೊಸಪೇಟೆ ಸ್ಟೇಷನ್ನಿನಲ್ಲಿ ಕೂತಿರುವವನು ನಾನು. ಈ ಸಲವೂ ಹಾಗೆಯೇ ಎಂದುಕೊಂಡೆ.

ಒಂದು ಮೀನುಗಾರರ ಊರು

ಮೊದಲ ನಾಲ್ಕು ವಿಮಾನಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ತೋರಣಗಲ್ಲಿನಲ್ಲಿ ವಿಮಾನ ಏರುವಾಗ ಕಾರ್ಖಾನೆಯ ಹೊಗೆಕೊಳವೆಗಳು ಕೆಳಗೆ ಸರಿದವು, ಸಂಡೂರಿನ ಗುಡ್ಡಗಳ ಕೆಂಪು ಒಂದು ಗಳಿಗೆ ಕಾಣಿಸಿತು, ಅಷ್ಟರಲ್ಲಿ ನಾನು ಗಿರಣಿಯ ಮೇನ್ ಸ್ವಿಚ್ ಆರಿಸಿದೆನೋ ಇಲ್ಲವೋ ಎಂಬ ಚಿಂತೆಗೆ ಬಿದ್ದೆ. ಆ ಚಿಂತೆ ಯೂರೋಪಿನವರೆಗೆ ಜೊತೆಗಿತ್ತು.

ನನ್ನನ್ನು ಕಾಡಿದ್ದು ಬೇರೆ. ಎರಡು ದಿನ ಯಾರೂ ನನ್ನನ್ನು “ಎಲ್ಲಿಗೆ ಹೊಂಟೀರಿ?” ಎಂದು ಕೇಳಲಿಲ್ಲ. ಕಂಪ್ಲಿಯಿಂದ ಹೊಸಪೇಟೆಗೆ ಹೋಗುವ ಬಸ್ಸಿನಲ್ಲಿ ಪಕ್ಕದವರು ಊರು, ಮನೆತನ, ಮಕ್ಕಳೆಷ್ಟು, ಅಳಿಯನಿಗೆ ಸಂಬಳವೆಷ್ಟು, ಹೊಟ್ಟೆ ದಿನಾ ಸರಿಯಾಗಿ ಹೋಗುತ್ತದೆಯೇ ಎಂಬುದನ್ನೆಲ್ಲ ಅರ್ಧ ಹಾದಿಯಲ್ಲಿ ತಿಳಿದುಕೊಂಡಿರುತ್ತಾರೆ. ಅದನ್ನು ಜೀವನವಿಡೀ ಬೈದುಕೊಂಡು ಬಂದವನು ನಾನು. ಈಗ ಉತ್ತರವನ್ನು ಇಂಗ್ಲಿಷಿನಲ್ಲಿ ಸಿದ್ಧಮಾಡಿಟ್ಟುಕೊಂಡು ಕೂತಿದ್ದೆ. “ಮಗಳ ಬಾಣಂತನಕ್ಕೆ ಹೊರಟಿದ್ದೇನೆ.” ಕೇಳುವವರಿಲ್ಲ. ಪಕ್ಕದವರು ಕಿವಿಗೆ ಮುಚ್ಚಳ ಹಾಕಿಕೊಂಡು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಉತ್ತರ ಬಾಯಲ್ಲೇ ಹಳಸಿತು.

ಐದನೆಯದು ಪುಟ್ಟ ವಿಮಾನ. ಎರಡು ಕಡೆ ತಿರುಗುವ ಪಂಖ, ಒಳಗೆ ನಮ್ಮ ಮಿನಿ ಬಸ್ಸಿನಷ್ಟೇ ಅಗಲ. ಆ ಕಡೆಯ ಊರುಗಳ ನಡುವೆ ಸಮುದ್ರ ಒಳನುಗ್ಗಿ ನುಗ್ಗಿ ನೆಲ ಹರಿದ ಸೀರೆಯ ಸೆರಗಿನಂತಾಗಿದೆ. ರಸ್ತೆಯಲ್ಲಿ ಸುತ್ತಿದರೆ ದಿನ ಹಿಡಿಯುತ್ತದೆ. ಹಾಗಾಗಿ ಈ ವಿಮಾನ ಊರೂರಿಗೆ ಇಳಿದು, ಇಬ್ಬರನ್ನು ಇಳಿಸಿ, ಮೂವರನ್ನು ಹತ್ತಿಸಿಕೊಂಡು ಮತ್ತೆ ಏರುತ್ತದೆ. ನೋಡನೋಡುತ್ತ ನನಗೆ ಜೀವ ಬಂತು. ಇದು ನಮ್ಮ ಎಲ್ಲ ಕಡೆ ನಿಲ್ಲುವ ಬಸ್ಸೇ!

ಬಸ್ಸು ಎಂದುಕೊಂಡದ್ದೇ ತಪ್ಪಾಯಿತು. ಮೀನುಗಾರರ ಊರೊಂದರಲ್ಲಿ ವಿಮಾನ ನಿಂತಿತು. ಕೆಲವರು ಇಳಿದರು. ನಾನೂ ಇಳಿದೆ. ಬಸ್ಸು ನಿಂತ ಮೇಲೆ ಇಳಿದು, ಸೊಂಟ ನೆಟ್ಟಗೆ ಮಾಡಿ, ಒಂದು ಚಾ ಕುಡಿದು, ಕಂಡಕ್ಟರ್ ಸೀಟಿ ಊದಿದಾಗ ಓಡಿ ಹತ್ತುವುದು ನಮ್ಮ ಪದ್ಧತಿ. ಹಿಮದಲ್ಲಿ ನಡೆದು ಕಟ್ಟಡದ ಒಳಗೆ ಹೋದೆ. ಯಂತ್ರವೊಂದು ಕಾಫಿ ಕೊಟ್ಟಿತು. ಬಿಸಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತು, ಎಷ್ಟು ಚೆಂದದ ದೇಶವಪ್ಪಾ ಎಂದುಕೊಳ್ಳುತ್ತಿರುವಾಗ ವಿಮಾನದ ಹುಡುಗಿ ಕೋಟಿಲ್ಲದೆ ಹಿಮದಲ್ಲಿ ಓಡೋಡಿ ಬಂದಳು.

“ನೀವು ವಾಡ್ಸೊ ತಾನೆ? ತಲೆ ಎಣಿಸಿದರೆ ಒಂದು ಕಡಿಮೆ ಬಂತು.”

ವಿಮಾನ ನನಗಾಗಿ ಕಾಯುತ್ತಿತ್ತು. ನಮ್ಮ ಬಸ್ಸಾಗಿದ್ದರೆ ಒಳಗೆ ಕಾಲಿಟ್ಟ ಕೂಡಲೇ “ಏನ್ ಯಜಮಾನ್ರ, ಬಿಡಾರ ಹೂಡಿದ್ರೇನು ಅಲ್ಲೇ? ಅಡಿಗಿ ಮಾಡ್ಕೊಂಡು ಉಂಡು ಬಂದಿದ್ರ ಆಕ್ಕಿತ್ತು!” ಎಂದು ಹಿಂದಿನ ಸೀಟಿನಿಂದ ಒಬ್ಬನಾದರೂ ಕೂಗುತ್ತಿದ್ದ. ಬಸ್ಸೆಲ್ಲ ನಗುತ್ತಿತ್ತು, ನಾನು ಹಲ್ಲು ಕಿರಿದು ಕೂರುತ್ತಿದ್ದೆ, ಅಲ್ಲಿಗೆ ಮುಗಿಯಿತು. ಇಲ್ಲಿ ಯಾರೂ ಏನೂ ಅನ್ನಲಿಲ್ಲ. ತಲೆ ಎತ್ತಿ ನೋಡಲೂ ಇಲ್ಲ. ಬೈಸಿಕೊಳ್ಳುವುದಕ್ಕೂ ನಾಲ್ಕು ಜನ ನಮ್ಮವರು ಬೇಕು ಎಂದು ನನಗೆ ಅನಿಸಿದ್ದು ಆಗಲೇ.

ವಾಡ್ಸೊ

ಫೋನನ್ನು ನಾನು ಹತ್ತುವಾಗಲೇ ಪೂರಾ ಆರಿಸಿಬಿಟ್ಟಿದ್ದೆ. ಏರೋಪ್ಲೇನ್ ಮೋಡ್ ಸಾಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಒಬ್ಬನ ಫೋನಿನಿಂದ ವಿಮಾನ ಬೀಳುವುದೇ ಆದರೆ ಅದು ನನ್ನ ಫೋನೇ ಆಗಿರುತ್ತದೆ ಎಂಬ ನಂಬಿಕೆ ನನ್ನದು.

ವಾಡ್ಸೊದಲ್ಲಿ ಈ ಸಲ ಸರಿಯಾಗಿ ಇಳಿದೆ. ಇದೇ ನಾನಿಳಿಯುವ ಊರು ತಾನೇ ಎಂದು ಹುಡುಗಿಯನ್ನು ಎರಡು ಸಲ ಕೇಳಿ ಇಳಿದೆ. ನನ್ನ ಎರಡು ರಟ್ಟಿನ ಪೆಟ್ಟಿಗೆ ಬಂದವು. ಅವನ್ನು ಗೋಡೆಗೆ ಆನಿಸಿ, ಹಗ್ಗ ಸಡಿಲವಾಗಿಲ್ಲವಷ್ಟೇ ಎಂದು ನೋಡಿ, ಕೋಟಿನ ಗುಂಡಿ ಹಾಕಿಕೊಂಡು, ಆಮೇಲೆ ಫೋನು ಹಚ್ಚಿದೆ. ಅದು ಜೀವ ಹಿಡಿಯುವಷ್ಟರಲ್ಲಿ ಹೊರಗೆ ನಾನು ಬಂದ ವಿಮಾನ ಗುಡುಗುತ್ತ ಏರಿತು. ಆಗ ನೀಲಾಳ ಸಂದೇಶಗಳು ಒಂದರ ಹಿಂದೊಂದು ಬಂದು ಬಿದ್ದವು. ಕೊನೆಯದರಲ್ಲಿ ಅವಳ ದನಿ ಇತ್ತು.

“ಅಪ್ಪಾ, ಬೆಳಿಗ್ಗೇನ ಬ್ಯಾನಿ ಸುರು ಆಗೇತಿ. ಇಲ್ಲಿ ಹೆರಿಗಿ ಆಸ್ಪತ್ರಿ ಇಲ್ಲ, ಕಿರ್ಕೆನೆಸ್‌ಗೆ ಕಳಿಸ್ಯಾರ. ಮಂಜು ಹಡಗಿನಾಗ ಅದಾನ, ಗಾಳಿಗೆ ದಂಡಿಗೆ ಬರಾಕ ಆಗವಲ್ದಂತ. ನೀ ವಾಡ್ಸೊದಾಗ ಇಳೀಬ್ಯಾಡ. ಅದ ವಿಮಾನ ಮುಂದ ಇಲ್ಲಿಗೇ ಬರ್ತೈತಿ. ಹಂಗ ಕುಂತು ಬಂದುಬಿಡು.”

ಇಳಿಯಬಾರದ ಕಡೆ ಇಳಿದೆ, ಇಳಿಯಬಾರದೆಂದು ಹೇಳಿದ ಕಡೆಯೂ ಇಳಿದೆ. ಹೊರಗೆ ಓಡಿದೆ. ಆಕಾಶದಲ್ಲಿ ಒಂದು ಚುಕ್ಕೆ ದಕ್ಷಿಣಕ್ಕೆ ಹೋಗುತ್ತಿತ್ತು.

ಆ ನಿಲ್ದಾಣದಲ್ಲಿ ಎಲ್ಲ ಕೆಲಸಕ್ಕೂ ಒಬ್ಬನೇ ಎನ್ನುವಂತೆ ಕಂಡ. ಹಳದಿ ಜಾಕೀಟಿನ ಎತ್ತರದ ಮನುಷ್ಯ. ಟಿಕೆಟು ನೋಡುವವನೂ ಅವನೇ, ಪೆಟ್ಟಿಗೆ ಎತ್ತುವವನೂ ಅವನೇ. ಅವನ ಬಳಿ ಹೋಗಿ ನನಗೆ ಬಂದ ಇಂಗ್ಲಿಷನ್ನೆಲ್ಲ ಒಮ್ಮೆಲೇ ಸುರಿದೆ. ಅವನು ನಿಧಾನವಾಗಿ ಹೇಳಿದ.

“ಮುಂದಿನ ವಿಮಾನ ಮಧ್ಯಾಹ್ನ. ಆದರೆ ಗಾಳಿ ಏರುತ್ತಿದೆ. ಇಳಿದರೆ ಇಳಿಯಿತು.”

“ಎಷ್ಟು ದೂರ?”

“ನೀರಿನ ಮೇಲೆ ನೆಟ್ಟಗೆ ಹೋದರೆ ನಲವತ್ತು ಕಿಲೋಮೀಟರ್ ಇಲ್ಲ. ಹದಿನೈದು ನಿಮಿಷ.”

“ರಸ್ತೆಯಲ್ಲಿ?”

ಅವನು ಕೈಯಿಂದ ಗಾಳಿಯಲ್ಲಿ ದೊಡ್ಡ ಲಾಳ ಬರೆದ. ನೂರೆಪ್ಪತ್ತು ಕಿಲೋಮೀಟರಂತೆ. ಬಸ್ಸು ಹೋಗಿಯಾಗಿತ್ತು. ಟ್ಯಾಕ್ಸಿಯವನಿಗೆ ಅವನೇ ಫೋನ್ ಮಾಡಿ ಕೇಳಿದ. ದಾರಿಯಲ್ಲಿ ಹಿಮ ಹಾರುತ್ತಿದೆ, ಕಣ್ಣು ಕಾಣುವುದಿಲ್ಲ, ನಿಂತ ಮೇಲೆ ನೋಡೋಣ ಎಂದನಂತೆ ಆತ.

ಇದು ನನಗೆ ಹೊಸತಲ್ಲ. ಹಂಪಿಯಲ್ಲಿ ಹೊಳೆಯ ಈಚೆ ನಿಂತರೆ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಮಾತು ಕೇಳಿಸುತ್ತದೆ. ದೋಣಿಯಿದ್ದರೆ ಐದು ನಿಮಿಷ. ಡ್ಯಾಮಿನಿಂದ ನೀರು ಬಿಟ್ಟು ದೋಣಿ ನಿಂತಿತೆನ್ನಿ, ಸುತ್ತು ಹಾಕಿ ಹೋಗಬೇಕು, ಅರ್ಧ ದಿನ. ನಮ್ಮ ಕಂಪ್ಲಿಯ ಸೇತುವೆ ಮುಳುಗಿದಾಗಲೂ ಇದೇ ಕಥೆ. ಆಗೆಲ್ಲ ದಂಡೆಯಲ್ಲಿ ಸಿಕ್ಕಿಕೊಂಡವರು ಹತ್ತಾರು ಜನ ಇರುತ್ತಾರೆ, ಡ್ಯಾಮನ್ನು ಬೈಯುತ್ತಾರೆ, ಎಲೆ ಅಡಿಕೆ ಹಂಚಿಕೊಳ್ಳುತ್ತಾರೆ. ಇಲ್ಲಿ ದೊಡ್ಡ ಕಿಟಕಿಯ ಆಚೆ ಬೂದಿ ಬಣ್ಣದ ನೀರು, ಅದರಾಚೆ ಬಿಳಿ ಗುಡ್ಡ. ಒಳಗೆ ಸಾಲು ಕುರ್ಚಿಗಳು. ಒಬ್ಬ ಮುದುಕಿ ನೀಲಿ ಉಲ್ಲನ್ನು ಹೆಣೆಯುತ್ತಿದ್ದಳು. ಇನ್ನೂ ನಾಲ್ಕೈದು ಜನ, ಒಬ್ಬೊಬ್ಬರ ನಡುವೆ ಎರಡೆರಡು ಖಾಲಿ ಕುರ್ಚಿ. ಯಾರೂ ಗಾಳಿಯನ್ನು ಬೈಯಲಿಲ್ಲ.

ನೀಲಾಳಿಗೆ ಫೋನ್ ಹಚ್ಚಿದೆ.

“ಅಪ್ಪಾ, ಎಲ್ಲಿದ್ದಿ?”

“ಈಚೀ ದಂಡ್ಯಾಗ ಅದೀನವ್ವಾ. ಇಳಿದುಬಿಟ್ಟೆ.”

ಅವಳು ನಗಲು ಹೋದಳು. ಅಷ್ಟರಲ್ಲಿ ನೋವು ಬಂತು. ಅದು ಹೋಗುವವರೆಗೆ ನಾನು ಕಿಟಕಿಯ ಗಾಜಿಗೆ ಹಣೆ ಹಚ್ಚಿಕೊಂಡು ನಿಂತೆ.

“ಯಾರದಾರ ನಿನ್ನ ಹತ್ರ?”

“ನರ್ಸು ಅದಾಳ. ಚೊಲೋ ಅದಾಳ. ಆದ್ರ ಆಕಿ ಮಾತು…” ಉಸಿರು ಎಳೆದುಕೊಂಡಳು. “ದಿನಾ ಇವರ ಭಾಷಾನ ಮಾತಾಡ್ತೀನಿ ಅಪ್ಪಾ. ಇವತ್ತು ಒಂದೂ ತಲಿಗೆ ಹತ್ತವಲ್ದು. ನೀ ಏನರ ಮಾತಾಡು. ಸುಮ್ಮನಿರಬ್ಯಾಡ.”

ಏನು ಮಾತಾಡುವುದು? ನನಗೆ ಬಾಯಿಪಾಠ ಬರುವುದು ಚಿಂತೆಗಳು ಮಾತ್ರ. ಗಿರಣಿಯ ಸ್ವಿಚ್ಚಿನ ವಿಷಯ ಹೇಳಿದೆ. ಮಹಡಿಯ ಟ್ಯಾಂಕಿನ ಮುಚ್ಚಳ ತೆರೆದಿಟ್ಟು ಬಂದಿರಬಹುದು, ಅದರೊಳಗೆ ಮಂಗ ಬಿದ್ದಿರಬಹುದು ಎಂದೆ.

“ಅಪ್ಪಾ! ನಿನ್ನ ಚಿಂತಿ ಬ್ಯಾಡ. ನಂದ ನನಗ ಸಾಕಾಗೇತಿ.”

ಆಗ ಬಾಯಿಗೆ ಬಂದದ್ದು ಬಸ್ಸು. ಚಿಕ್ಕವಳಿದ್ದಾಗ ನೀಲಾಳಿಗೆ ಬಸ್ಸೆಂದರೆ ವಾಂತಿ. ಕಂಪ್ಲಿಯಿಂದ ಹೊಸಪೇಟೆ ಮುಟ್ಟುವುದರೊಳಗೆ ಅವಳಮ್ಮನ ಸೀರೆ, ನನ್ನ ಅಂಗಿ, ಒಮ್ಮೊಮ್ಮೆ ಮುಂದಿನ ಸೀಟಿನವರ ತಲೆ. ಗಿರಿಜಾ ಲಿಂಬೆಹಣ್ಣು ಮೂಸಿಸುವಳು. ನಾನು ಅವಳ ಕಣ್ಣು ಮುಚ್ಚಿಸಿ, ಹೊರಗೆ ಏನೇನು ಬಂತೆಂದು ಹೇಳುತ್ತ ಹೋಗುತ್ತಿದ್ದೆ. ಬಸ್ಸು ಎಲ್ಲಿ ಮುಟ್ಟಿತೆಂದು ಗೊತ್ತಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

“ಕಣ್ಣು ಮುಚ್ಚು” ಎಂದೆ. “ಕಂಪ್ಲಿ ಬಸ್‌ಸ್ಟ್ಯಾಂಡ್ ಬಿಟ್ಟೀವಿ. ಭಾಳ ಗದ್ದಲ. ಕಂಡಕ್ಟರ್ ಒದರಾಕತ್ಯಾನ. ‘ಹಿಂದ ಸರೀರಿ, ಹಿಂದ ಸರೀರಿ! ಹಿಂದೇನು ಹುಲಿ ಕುಂತೈತೇನ್ರಿ? ಏ ಯಮ್ಮಾ, ಕೋಳೀಗೆ ಅರ್ಧ ಟಿಕೆಟ್ ತಗಸು!’”

ಕಂಡಕ್ಟರನ ಮಾತನ್ನು ಮೆಲ್ಲಗೆ ಹೇಳಲು ಬರುವುದಿಲ್ಲ. ಜೋರಾಗಿಯೇ ಹೇಳಿದೆ. ಆ ಮೌನದ ಕೋಣೆಯಲ್ಲಿ ಎಲ್ಲರೂ ಒಮ್ಮೆ ತಿರುಗಿ ನೋಡಿ, ನೋಡಲೇ ಇಲ್ಲವೆಂಬಂತೆ ಮುಖ ತಿರುಗಿಸಿಕೊಂಡರು. ನನಗೆ ನಾಚಿಕೆ ಉಳಿದಿರಲಿಲ್ಲ.

“ಮುಂದ?” ಎಂದಳು ನೀಲಾ.

ರಾಮಸಾಗರ ಬಂತು. ನೋವು ಬಂತು. ಬಸ್ಸು ನಿಲ್ಲಿಸಿದೆ. ನೋವು ಹೋಯಿತು. ಬಸ್ಸು ಬಿಟ್ಟೆ. ಎಡಕ್ಕೆ ಕಬ್ಬು, ಬಲಕ್ಕೆ ಗದ್ದೆ. ಎತ್ತಿನ ಗಾಡಿಯೊಂದು ಅಡ್ಡ ಬಂತು, ಡ್ರೈವರ್ ಗಾಡಿಯವನ ಅಪ್ಪನನ್ನೂ ಅಜ್ಜನನ್ನೂ ನೆನೆದ. ಬುಕ್ಕಸಾಗರದಲ್ಲಿ ಬಾಳೆಗೊನೆ ಹತ್ತಿದವು, ಕೂರಲು ಜಾಗವಿಲ್ಲ. ನೋವಿನ ನಡುವಿನ ಹಾದಿ ಬರಬರುತ್ತ ಸಣ್ಣದಾಯಿತು. ನಾನು ಊರುಗಳ ನಡುವೆ ಇಲ್ಲದ ಮರಗಳನ್ನೂ, ಇಲ್ಲದ ಗುಡಿಗಳನ್ನೂ, ಇಲ್ಲದ ಜಗಳಗಳನ್ನೂ ತುಂಬಿಸಿ ಬಸ್ಸನ್ನು ನಿಧಾನಿಸಿದೆ. ಹೊಸಪೇಟೆ ಮುಟ್ಟಿಬಿಟ್ಟರೆ ಆಮೇಲೆ ನನ್ನಲ್ಲಿ ಹೇಳಲು ಏನೂ ಇರಲಿಲ್ಲ.

ವೆಂಕಟಾಪುರದ ಹತ್ತಿರ ಇರುವಾಗ ಹಳದಿ ಜಾಕೀಟಿನವನು ಬಂದು ನನ್ನ ಭುಜ ಮುಟ್ಟಿದ. ಗಾಳಿ ಸ್ವಲ್ಪ ಇಳಿದಿತ್ತು. ವಿಮಾನ ಬಂದಿತ್ತು. ಜನ ಎದ್ದು ಸಾಲಾಗಿ ನಿಂತಿದ್ದರು. ನನ್ನ ಪೆಟ್ಟಿಗೆಗಳನ್ನು ಅವನಾಗಲೇ ಹೇರಿಸಿಯಾಗಿತ್ತು.

ಎರಡು ದಿನ, ಐದು ವಿಮಾನ, ಈಗ ಕೊನೆಯ ಹದಿನೈದು ನಿಮಿಷ.

“ನೀಲಾ, ವಿಮಾನ ಬಂತವ್ವಾ. ಹದಿನೈದು ನಿಮಿಷ ಅಷ್ಟ, ಬಂದುಬಿಡ್ತೀನಿ. ಅ… ಅಷ್ಟೊತ್ತು ಫೋನ್ ಆರಿಸಬೇಕಾಕ್ಕೈತಿ.”

ಆ ಕಡೆ ನರ್ಸು ಏನೋ ಹೇಳುವುದು ಕೇಳಿಸಿತು. ದನಿ ಮೊದಲಿನಂತೆ ನಿಧಾನವಾಗಿರಲಿಲ್ಲ.

“ನೀಲಾ?”

“ಈಗ ಎಲ್ಲಿದೀವಿ?” ಎಂದಳು.

“ವೆಂಕಟಾಪುರ ದಾಟೀವಿ.”

“ಇಳೀಬ್ಯಾಡ ಅಪ್ಪಾ.”

ಸಾಲು ಮುಂದೆ ಸರಿಯಿತು. ಮುದುಕಿ ಹೆಣಿಗೆಯನ್ನು ಚೀಲಕ್ಕೆ ಹಾಕಿಕೊಂಡು ನನ್ನ ಮುಂದೆ ನಿಂತಿದ್ದಳು. “ನೀವು ಬರುವುದಿಲ್ಲವೆ?” ಎಂದು ಕೇಳಿದಳು. ಅಷ್ಟು ದೂರದ ಹಾದಿಯಲ್ಲಿ ಸಹಪ್ರಯಾಣಿಕರೊಬ್ಬರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು. ಇಲ್ಲವೆಂದು ತಲೆಯಲ್ಲಾಡಿಸಿದೆ. ಹಳದಿ ಜಾಕೀಟಿನವನಿಗೆ ಪೆಟ್ಟಿಗೆಗಳನ್ನು ಇಳಿಸಲು ಕೈಸನ್ನೆ ಮಾಡಿದೆ. ಅವನು ನನ್ನ ಮುಖ ನೋಡಿದ, ಕಿವಿಗಿದ್ದ ಫೋನು ನೋಡಿದ, ಹೊರಗೆ ಹೋದ. ಒಂದೇ ಪ್ರಯಾಣದಲ್ಲಿ ಎರಡನೇ ಸಲ ಒಂದು ವಿಮಾನ ನನ್ನಿಂದಾಗಿ ಕಾಯಿತು. ಈ ಸಲವೂ ಯಾರೂ ಬೈಯಲಿಲ್ಲ.

ವಿಮಾನ ಏರಿತು. ಅದರ ಸದ್ದಿಗೆ ಅವಳ ದನಿ ಕೇಳಿಸದಂತಾಯಿತು. ನಾನು ಒಂದು ಕಿವಿಗೆ ಬೆರಳು ತುರುಕಿ, ಖಾಲಿ ಕೋಣೆಯ ನಡುವೆ ನಿಂತು ಕೂಗಿದೆ.

“ಕಮಲಾಪುರದ ಕೆರೀ ಬಂತವ್ವಾ! ನೀರು ತುಂಬೇತಿ! ಎಮ್ಮಿ ಇಳಿದಾವ, ಕರೇ ಕಲ್ಲಿನಂಗ ಕಾಣ್ತಾವ! ಗಾಳಿ ತಣ್ಣಗ ಬಂತು ನೋಡು, ಮುಖ ಹೊರಗ ಹಾಕು! ಇನ್ನ ಹೊಸಪೇಟಿ ಸನೇಕ ಬಂತು, ಸನೇಕ ಬಂತು…”

ಅವಳು ಕೂಗಿದಳು. ಆಮೇಲೆ ಇನ್ನೊಂದು ಕೂಗು ಕೇಳಿಸಿತು. ಅದು ಅವಳದಲ್ಲ. ತೀರ ತೆಳುವಾದ, ಸಿಟ್ಟಿನ ಕೂಗು.

ಕೋಟಿನ ತೋಳಿನಿಂದ ಕಣ್ಣು ಮೂಗು ಒರೆಸಿಕೊಂಡೆ. ಹತ್ತಿರದ ಕುರ್ಚಿಯಲ್ಲಿ ಕೂತೆ. “ಹೆಣ್ಣು ಅಪ್ಪಾ” ಎಂದಳು ನೀಲಾ, ಬಹಳ ದೂರದಿಂದೆಂಬಂತೆ. “ಇನ್ನ ಇಡು. ಆರಾಮ ಅದೀನಿ.” ಫೋನು ನಿಂತಿತು. ನಾನು ಅದನ್ನು ಕಿವಿಗೇ ಹಿಡಿದುಕೊಂಡಿದ್ದೆ.

ಊರಿನಲ್ಲಾಗಿದ್ದರೆ ಇಷ್ಟರಲ್ಲಿ ಗಿರಣಿಯ ಮುಂದೆ ಜನ, ಕೈಗೆ ಕೈಗೆ ಸಕ್ಕರೆ. ಇಲ್ಲಿ ಕುರ್ಚಿಗಳಿದ್ದವು. ಹೇಳಲು ಯಾರೂ ಇಲ್ಲದ ಸಂತೋಷ ಹೊರಲಾರದಷ್ಟು ಭಾರ. ಎದ್ದು ಕಿಟಕಿಯವರೆಗೆ ಹೋದೆ, ಮರಳಿ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಹಳದಿ ಜಾಕೀಟಿನವನು ಬಂದ. ಅಷ್ಟೂ ಖಾಲಿ ಕುರ್ಚಿಗಳನ್ನು ಬಿಟ್ಟು ನನಗೆ ಅಂಟಿದ ಕುರ್ಚಿಯಲ್ಲೇ ಕೂತ. ಬಾಗಿಲಿಗೆ ಬೀಗ ಹಾಕಬೇಕೇನೋ, ನನ್ನಿಂದ ತಡವಾಯಿತೇನೋ ಎಂದು “ಸಾರಿ” ಎಂದೆ. ಅವನು ತಲೆಯಲ್ಲಾಡಿಸಿದ. “ಹೆಣ್ಣು ಮಗು” ಎಂದೆ. ಗೊತ್ತು ಎನ್ನುವಂತೆ ತಲೆದೂಗಿದ.

ಅಕ್ಕನಿಗೆ ಫೋನ್ ಮಾಡಿದಾಗಲೂ ಅವನು ಪಕ್ಕದಲ್ಲೇ ಇದ್ದ.

“ಹೆಣ್ಣು ಕೂಸು ಅಕ್ಕಾ. ಇಬ್ಬರೂ ಆರಾಮ.”

“ಬಂಗಾರದಂಥಾ ಮಾತು! ನೀ ಎತ್ತಿಕೊಂಡಿ?”

“ಇಲ್ಲ. ನಾ ಇನ್ನ ಈಚೀ ದಂಡ್ಯಾಗ ಅದೀನಿ. ಫೋನಿನಾಗ ಇದ್ದೆ.”

“ಫೋನಿನಾಗ? ಫೋನಿನಾಗ ಆಗೂ ಹಂಗಿದ್ರ ಇಲ್ಲೇ ನಮ್ಮ ಕಟ್ಟೀಮ್ಯಾಲೆ ಕುಂತು ಮಾತಾಡಬಹುದಿತ್ತಲ್ಲೋ ಲೇ! ಅಷ್ಟು ದೂರ ಹೋಗಿ, ಹದಿನೈದು ನಿಮಿಷದ್ದು ಉಳಿಸಿಕೊಂಡು ಕುಂತೀಯಲ್ಲೋ!”

ಕಂಪ್ಲಿಯಿಂದಲೇ ಮಾತಾಡಿದ್ದರೆ ನೀಲಾ “ಎಲ್ಲಿದ್ದಿ?” ಎಂದು ಕೇಳುತ್ತಿರಲಿಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಬರುವವನನ್ನೇ ಅಲ್ಲವೇ ಎಲ್ಲಿದ್ದಿ ಎಂದು ಕೇಳುವುದು.

ಕಿರ್ಕೆನೆಸ್

ಬೆಳಕಿರುವಾಗಲೇ ಇನ್ನೊಂದು ವಿಮಾನ ಬಂತು. ಆ ಹದಿನೈದು ನಿಮಿಷ ಎಂಥದ್ದೆಂದು ನೋಡಬೇಕೆಂದು ಕಿಟಕಿಗೆ ಕಣ್ಣು ನೆಟ್ಟು ಕೂತೆ. ಹುಡುಗಿ ಒಂದು ಪೆಪ್ಪರಮಿಂಟು ಕೊಟ್ಟಳು. ಏರಿತು. ನೀರು ಬಂತು. ನೀರಿನ ಮೇಲೆ ನಮ್ಮದೇ ನೆರಳು ಓಡುತ್ತಿತ್ತು. ಪೆಪ್ಪರಮಿಂಟು ಇನ್ನೂ ಕರಗಿರಲಿಲ್ಲ, ಇಳಿಯುತ್ತಿದ್ದೇವೆಂದರು. ಇಷ್ಟೇ. ಇಷ್ಟನ್ನು ನಾನು ದಾಟದೆ ಕೂತೆನೇ!

ಆಸ್ಪತ್ರೆಯಲ್ಲಿ ನೀಲಾ ಬ್ರೆಡ್ಡು ತಿನ್ನುತ್ತಿದ್ದಳು, ಮೇಲೆ ತಣ್ಣನೆಯ ಹಾಲು. ಬಾಣಂತಿಗೆ ತಣ್ಣನೆಯ ಹಾಲು! ಕಿರುಚಲು ಬಾಯಿ ತೆರೆದೆ, ಅವಳ ಮುಖ ನೋಡಿ ಮುಚ್ಚಿಕೊಂಡೆ. ಕಣ್ಣ ಕೆಳಗೆ ಕಪ್ಪು, ಹಣೆಗೆ ಅಂಟಿದ ಕೂದಲು. ನನಗೆ ಗಿರಿಜಾಳೇ ಕೂತಂತೆ ಕಂಡಿತು. ಮಗ್ಗುಲಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಕೂಸು ಮುಷ್ಟಿ ಹಿಡಿದು ಮಲಗಿತ್ತು. ಎತ್ತಿಕೊಳ್ಳಲು ಧೈರ್ಯ ಬರಲಿಲ್ಲ. ಒಂದು ಬೆರಳಿನಿಂದ ಮುಷ್ಟಿಯನ್ನು ಮುಟ್ಟಿದೆ. ಒಂದು ವಾರ ಕೂಸಿಗೆ ಎರೆಯುವುದೇ ಬೇಡವೆಂದು ಆಸ್ಪತ್ರೆಯವರು ಹೇಳಿದ್ದಾರಂತೆ.

“ಒಬ್ಬಾಕೀನ ಆದಿ” ಎಂದೆ. ಹಾದಿಯುದ್ದಕ್ಕೂ ಕಟ್ಟಿಕೊಂಡು ಬಂದ ಬೇರೆ ಮಾತುಗಳೆಲ್ಲ ಎಲ್ಲಿ ಹೋದವೋ.

“ಯಾರು? ನಾನಾ?” ನೀಲಾ ಹಾಲಿನ ಲೋಟ ಇಟ್ಟಳು. “ಅಪ್ಪಾ, ಅವರು ಫೋನ್ ಸ್ಪೀಕರಿಗೆ ಹಾಕಿದ್ರು. ನಿನ್ನ ಕಂಡಕ್ಟರ್ ದನಿ ಈ ಕೋಣಿ ತುಂಬ. ಮಾತು ತಿಳೀದಿದ್ರೂ ನರ್ಸು ನಗಾಕತ್ತಿದ್ಲು. ಆಮ್ಯಾಲೆ ನೀ ಅಳೋದೂ ಕೇಳಿಸ್ತು.”

“ಅಳಲಿಲ್ಲ. ನೆಗಡಿ.”

“ಹ್ಞೂಂ. ಆ ನೆಗಡಿ ಕೇಳಿ ಆಕಿ ಏನಂದ್ಲು ಗೊತ್ತೇನು? ನಿಮ್ಮಪ್ಪನ ಜೋಡಿ ಅಲ್ಲಿ ಯಾರರ ಅದಾರೇನು ಅಂತ ಕೇಳಿದ್ಲು. ಯಾರೂ ಇಲ್ಲ ಅಂದೆ. ಕೂಸನ್ನ ನನ್ನ ಎದೀಮ್ಯಾಲೆ ಇಟ್ಟು, ಕೈ ತೊಳಕೊಂಡು, ಸೀದಾ ಹೋಗಿ ವಾಡ್ಸೊ ವಿಮಾನ ನಿಲ್ದಾಣಕ್ಕ ಫೋನ್ ಹಚ್ಚಿದ್ಲು. ಅಲ್ಲೊಬ್ಬ ಮನುಷ್ಯಾ ಒಬ್ಬನ ಕುಂತಾನ, ಮುಂದಿನ ವಿಮಾನ ಬರೋತನಕ ಅವನ ಬಾಜೂ ಯಾರರ ಕುಂದರ್ರಿ, ಅಂದ್ಲು.”

ವಾಡ್ಸೊದಲ್ಲಿ ಕಾಯುವಾಗ ನಾನು ಆ ಹಳದಿ ಜಾಕೀಟಿನವನಿಗೆ ಮೂರು ಸಲ ಸಾರಿ ಹೇಳಿದ್ದೆ, ಬೀಗ ಹಾಕಿ ಹೋಗುವುದಾದರೆ ಹೋಗಿ, ನಾನು ಹೊರಗೆ ನಿಲ್ಲುತ್ತೇನೆ ಎಂದೂ ಹೇಳಿದ್ದೆ. ಮೂರು ಸಲವೂ ಅವನು ತಲೆಯಲ್ಲಾಡಿಸಿ, ಕೈ ಕಟ್ಟಿಕೊಂಡು, ಕೂತೇ ಇದ್ದ.